ಒಬ್ಬರ ಜೇಬಿನ ಮೇಲೆ ನಿಂತಿದ್ದ ವಿಶ್ವ ಚಾಂಪಿಯನ್‌ಷಿಪ್

1953 ಅಂದರೆ ಗಾಲ್ಫ್ ಬಲ್ಲವರಿಗೆ ಬೆನ್ ಹೋಗನ್ ನೆನಪಾಗುತ್ತಾರೆ. ಆ ವರ್ಷ ಅವರು ಮಾಸ್ಟರ್ಸ್ ಗೆದ್ದರು. ಯು.ಎಸ್. ಓಪನ್ ಗೆದ್ದರು. ಅಟ್ಲಾಂಟಿಕ್ ದಾಟಿ ಸ್ಕಾಟ್ಲೆಂಡಿನ ಕಾರ್ನೂಸ್ಟಿಗೆ ಹೋಗಿ ಬ್ರಿಟಿಷ್ ಓಪನ್ ಕೂಡ ಗೆದ್ದು ಬಂದರು. ನ್ಯೂಯಾರ್ಕ್ ನಗರ ಅವರಿಗೆ ಬೀದಿ ತುಂಬ ಮೆರವಣಿಗೆ ಮಾಡಿತು. ಇಷ್ಟಕ್ಕೆಲ್ಲ ಸಿಕ್ಕಿದ ದುಡ್ಡು ಎಷ್ಟು? ಮಾಸ್ಟರ್ಸ್‌ಗೆ 4,000 ಡಾಲರ್, ಯು.ಎಸ್. ಓಪನ್‌ಗೆ 5,000 ಡಾಲರ್, ಬ್ರಿಟಿಷ್ ಓಪನ್‌ಗೆ 500 ಪೌಂಡ್. ಆಗಿನ ದರದಲ್ಲಿ ಆ 500 ಪೌಂಡ್ ಅಂದರೆ 1,400 ಡಾಲರ್. ಮೂರೂ ಸೇರಿ 10,400.

ಅದೇ ವರ್ಷ ಆಗಸ್ಟ್‌ನಲ್ಲಿ, ಷಿಕಾಗೊ ನಗರದ ಅಂಚಿನ ಒಂದು ಕ್ಲಬ್ಬಿನಲ್ಲಿ, ಲ್ಯೂ ವೊರ್ಷಮ್ ಎಂಬ ಆಟಗಾರ ಒಂದೇ ಒಂದು ಟೂರ್ನಿ ಗೆದ್ದು 25,000 ಡಾಲರ್ ಪಡೆದರು. ಆ ವರ್ಷ ಅಮೆರಿಕದ ಟೂರಿನಲ್ಲಿ, ಅಂದರೆ ಊರಿಂದೂರಿಗೆ ಸಾಗುವ ಟೂರ್ನಿಗಳ ಸಾಲಿನಲ್ಲಿ, ಅತಿ ಹೆಚ್ಚು ಬಹುಮಾನ ಗಳಿಸಿದ ಗಾಲ್ಫರ್ ಯಾರು ಎಂದು ಪಟ್ಟಿ ನೋಡಿದರೆ, ಮೊದಲ ಹೆಸರು ಹೋಗನ್ ಅಲ್ಲ, ವೊರ್ಷಮ್.

ಆ ಟೂರ್ನಿಯ ಹೆಸರು 'ವರ್ಲ್ಡ್ ಚಾಂಪಿಯನ್‌ಷಿಪ್ ಆಫ್ ಗಾಲ್ಫ್'. ಹೆಸರೇನೋ ಭಾರಿ. ಆದರೆ ಇದಕ್ಕೂ ಯಾವ ಜಾಗತಿಕ ಸಂಸ್ಥೆಗೂ ಸಂಬಂಧ ಇರಲಿಲ್ಲ. ಒಬ್ಬ ಶ್ರೀಮಂತರು ತಮ್ಮ ಕ್ಲಬ್ಬಿನಲ್ಲಿ, ತಮ್ಮ ದುಡ್ಡಿನಲ್ಲಿ, ತಾವೇ ಹೆಸರಿಟ್ಟು ನಡೆಸಿದ ಟೂರ್ನಿ ಇದು. 1946ರಲ್ಲಿ ಶುರುವಾಯಿತು, 1957ರಲ್ಲಿ ಕೊನೆಯ ಸಲ ನಡೆಯಿತು. ಈಗ ಗಾಲ್ಫ್ ಅಭಿಮಾನಿಗಳಲ್ಲೂ ಬಹಳ ಮಂದಿಗೆ ಇದು ಗೊತ್ತಿಲ್ಲ. ಆದರೆ ಇವತ್ತು ಟಿವಿಯಲ್ಲಿ ಯಾವುದೇ ಗಾಲ್ಫ್ ಟೂರ್ನಿ ಹಾಕಿ ನೋಡಿ, ಕಣ್ಣಿಗೆ ಬೀಳುವ ಅರ್ಧದಷ್ಟು ಸಂಗತಿಗಳನ್ನು ಆ ಕ್ಲಬ್ಬಿನಲ್ಲಿ ಆಗಲೇ ಮಾಡಿ ತೋರಿಸಿದ್ದರು. ಎಲ್ಲ ಸರಿಯಾಗಿ ಊಹಿಸಿದ ಟೂರ್ನಿ ಯಾಕೆ ಉಳಿಯಲಿಲ್ಲ ಅನ್ನುವುದೇ ನನಗೆ ಇದರಲ್ಲಿ ಕುತೂಹಲದ ಭಾಗ. ಅದಕ್ಕೆ ಉತ್ತರ ದುಡ್ಡು ಎಲ್ಲಿಂದ ಬರುತ್ತಿತ್ತು ಅನ್ನುವುದರಲ್ಲಿದೆ.

ಮೊದಲು ಆ ಕಾಲದ ಗಾಲ್ಫ್ ಪ್ರೊ ಹೇಗೆ ಬದುಕುತ್ತಿದ್ದರು ಎಂದು ನೋಡಬೇಕು. 'ವೃತ್ತಿಪರ ಗಾಲ್ಫರ್' ಅಂದರೆ ಈಗ ನಮಗೆ ವಿಮಾನದಲ್ಲಿ ಊರೂರು ಸುತ್ತುತ್ತ ಟೂರ್ನಿ ಆಡುವವರು ಕಣ್ಣ ಮುಂದೆ ಬರುತ್ತಾರೆ. ಆಗ ಹಾಗಿರಲಿಲ್ಲ. ಪ್ರೊ ಅಂದರೆ ಒಂದು ಕ್ಲಬ್ಬಿನ ನೌಕರ. ಸದಸ್ಯರಿಗೆ ಆಟ ಕಲಿಸಬೇಕು, ಕ್ಲಬ್ಬಿನ ಅಂಗಡಿಯಲ್ಲಿ ಚೆಂಡು, ಕೋಲು ಮಾರಬೇಕು, ಮುರಿದದ್ದನ್ನು ರಿಪೇರಿ ಮಾಡಿಕೊಡಬೇಕು. ಸಂಸಾರ ಸಾಗುತ್ತಿದ್ದದ್ದು ಇದರಿಂದ. ಚಳಿಗಾಲದಲ್ಲಿ ಉತ್ತರದ ಊರುಗಳಲ್ಲಿ ಹಿಮ ಬಿದ್ದು ಕ್ಲಬ್ಬುಗಳು ಮುಚ್ಚಿದಾಗ, ಕೈ ಖಾಲಿ ಇದ್ದ ಪ್ರೊಗಳು ಕ್ಯಾಲಿಫೋರ್ನಿಯ, ಟೆಕ್ಸಾಸ್, ಫ್ಲೋರಿಡಾ ಕಡೆ ಕಾರು ಹತ್ತಿ ಹೋಗಿ ಟೂರ್ನಿ ಆಡುತ್ತಿದ್ದರು. ಟೂರ್ ಹುಟ್ಟಿದ್ದು ಹೀಗೆ, ಬಿಡುವಿನ ಕಾಲದ ಓಡಾಟವಾಗಿ.

ಅಲ್ಲಿ ಬಹುಮಾನದ ದುಡ್ಡು ಹಾಕುತ್ತಿದ್ದವರು ಊರಿನ ವ್ಯಾಪಾರಿಗಳ ಸಂಘ, ಹೋಟೆಲಿನವರು, ಪತ್ರಿಕೆಯವರು. ತಮ್ಮ ಊರಿನ ಹೆಸರು ದೇಶದ ಪತ್ರಿಕೆಗಳಲ್ಲಿ ಬರಲಿ, ಚಳಿಗಾಲದಲ್ಲಿ ಪ್ರವಾಸಿಗರು ಬರಲಿ ಅನ್ನುವುದು ಅವರ ಲೆಕ್ಕ. ಕೆಲವೊಮ್ಮೆ ಒಬ್ಬರೇ ಜೇಬಿಗೆ ಕೈ ಹಾಕಿದ್ದೂ ಉಂಟು. ಗಾಯಕ ಬಿಂಗ್ ಕ್ರಾಸ್ಬಿ 1937ರಲ್ಲಿ ಸ್ವಂತ 3,000 ಡಾಲರ್ ಹಾಕಿ ಒಂದು ಟೂರ್ನಿ ಶುರು ಮಾಡಿದ್ದರು. ಮಳೆ ಬಂದು ಒಂದೇ ಸುತ್ತಿಗೆ ಮುಗಿದ ಆ ಟೂರ್ನಿಯನ್ನು ಗೆದ್ದ ಸ್ಯಾಮ್ ಸ್ನೀಡ್‌ಗೆ ಸಿಕ್ಕಿದ್ದು 500 ಡಾಲರ್. ಆ ಕಾಲಕ್ಕೆ ಅದು ಕಡಿಮೆ ಅಲ್ಲ.

ಇವರ ಸಂಘ ಪಿಜಿಎ. 1916ರಲ್ಲಿ ಶುರುವಾದದ್ದು. ಅದರಲ್ಲಿ ಬಹುಪಾಲು ಕ್ಲಬ್ ಪ್ರೊಗಳು. ಊರೂರು ಆಡುವವರು ಬೆರಳೆಣಿಕೆಯ ಮಂದಿ. ಟೂರ್ ಅನ್ನುವುದು ಈ ಸಂಘದ ಒಂದು ವಿಭಾಗ ಅಷ್ಟೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥ ಸಣ್ಣ ವ್ಯವಹಾರದೊಳಕ್ಕೆ ಬಂದವರು ಜಾರ್ಜ್ ಎಸ್. ಮೇ. ಇಲಿನಾಯ್ ರಾಜ್ಯದವರು, 1890ರಲ್ಲಿ ಹುಟ್ಟಿದವರು. ಯೌವನದಲ್ಲಿ ಬೈಬಲ್ ಮಾರುತ್ತಿದ್ದರು. 1925ರಲ್ಲಿ ಒಂದು ಸಲಹಾ ಕಂಪನಿ ಶುರು ಮಾಡಿದರು. ಕಾರ್ಖಾನೆಗಳಿಗೆ ತಮ್ಮ ಜನರನ್ನು ಕಳಿಸಿ, ಎಲ್ಲಿ ಸಮಯ ಹಾಳಾಗುತ್ತಿದೆ, ಎಲ್ಲಿ ದುಡ್ಡು ಪೋಲಾಗುತ್ತಿದೆ ಎಂದು ಕಂಡುಹಿಡಿದು ಹೇಳುವುದು ಅದರ ಕೆಲಸ. ಬೇರೆಯವರ ದುಂದುವೆಚ್ಚ ಹಿಡಿದು ಕೊಡುತ್ತಲೇ ಅವರು ಶ್ರೀಮಂತರಾದರು. ಆಮೇಲೆ ಗಾಲ್ಫಿಗೆ ನೀರಿನಂತೆ ಸುರಿದರು. ವಿಚಿತ್ರ ಅಲ್ವಾ? ಆದರೆ ಅವರ ದೃಷ್ಟಿಯಲ್ಲಿ ಅದು ಪೋಲು ಅಲ್ಲ, ಜಾಹೀರಾತು.

ಷಿಕಾಗೊ ಪಕ್ಕದ ನೈಲ್ಸ್ ಎಂಬ ಊರಿನಲ್ಲಿ ಟ್ಯಾಮ್ ಓ'ಶಾಂಟರ್ ಎಂಬ ಕಂಟ್ರಿ ಕ್ಲಬ್ ಇತ್ತು. ಷಿಕಾಗೊ ನದಿಯ ಒಂದು ಕವಲು ಅದರ ಮೈದಾನದ ನಡುವೆಯೇ ಹರಿಯುತ್ತದೆ. ಅಂದಹಾಗೆ, ಪೀಸಾದ ವಾಲುಗೋಪುರದ ಅರ್ಧ ಎತ್ತರದ ನಕಲು ಕೂಡ ಇದೇ ನೈಲ್ಸ್‌ನಲ್ಲಿದೆ. ದೊಡ್ಡದನ್ನು ಕಂಡು ತಮ್ಮೂರಲ್ಲೂ ಒಂದು ಇರಲಿ ಅನ್ನುವ ಹುರುಪಿನ ಊರು ಅನಿಸುತ್ತದೆ. ಈ ಕ್ಲಬ್ ಜಾರ್ಜ್ ಮೇ ಅವರ ಕೈಗೆ ಬಂತು. 1941ರಿಂದ ಅಲ್ಲಿ ಪ್ರತಿ ವರ್ಷ ದೊಡ್ಡ ಟೂರ್ನಿ ನಡೆಯತೊಡಗಿತು. ಮುಂದೆ ಅದಕ್ಕೆ 'ಆಲ್ ಅಮೆರಿಕನ್ ಓಪನ್' ಎಂಬ ಹೆಸರು ನಿಂತಿತು.

ಯುದ್ಧದ ವರ್ಷಗಳಲ್ಲಿ ಇದರ ಬೆಲೆ ಗೊತ್ತಾಯಿತು. ಆಟಗಾರರು ಸೈನ್ಯದಲ್ಲಿದ್ದರು. ಪೆಟ್ರೋಲ್ ಪಡಿತರದಲ್ಲಿತ್ತು. ಚೆಂಡು ಮಾಡಲು ರಬ್ಬರ್ ಸಿಗುತ್ತಿರಲಿಲ್ಲ. 1943ರಲ್ಲಿ ಇಡೀ ಟೂರಿನಲ್ಲಿ ನಡೆದದ್ದು ಮೂರೇ ಟೂರ್ನಿ. ಅದರಲ್ಲಿ ಒಂದು ಜಾರ್ಜ್ ಮೇ ಅವರದು. 1945ರಲ್ಲಿ ಬೈರನ್ ನೆಲ್ಸನ್ ಸತತ 11 ಟೂರ್ನಿ ಗೆದ್ದು ಮಾಡಿದ ದಾಖಲೆ ಈಗಲೂ ಹಾಗೇ ಇದೆ. ಆ ಸಾಲಿನ ಹತ್ತನೆಯ ಗೆಲುವು ಟ್ಯಾಮ್ ಓ'ಶಾಂಟರ್‌ನಲ್ಲಿ ಬಂದದ್ದು. ಗಾಲ್ಫಿನಲ್ಲಿ ಕಡಿಮೆ ಹೊಡೆತ ಹೊಡೆದವರೇ ಗೆಲ್ಲುವುದು. ಅವರದು ನಾಲ್ಕು ಸುತ್ತಿಗೆ 269 ಹೊಡೆತ. ಎರಡನೇ ಸ್ಥಾನದ ಹೋಗನ್ ಮತ್ತು ಜೀನ್ ಸರಾಜೆನ್‌ಗಿಂತ 11 ಹೊಡೆತ ಕಡಿಮೆ. ನೆಲ್ಸನ್ ಹೀಗೆ ಗೆದ್ದ ದುಡ್ಡು ಕೂಡಿಟ್ಟು ಟೆಕ್ಸಾಸ್‌ನಲ್ಲಿ ದನ ಸಾಕುವ ಜಮೀನು ಕೊಂಡು, ಮರು ವರ್ಷವೇ ಟೂರಿನಿಂದ ದೂರವಾದರು.

1946ರಲ್ಲಿ ಜಾರ್ಜ್ ಮೇ ಇನ್ನೊಂದು ಹೊಸತು ಶುರು ಮಾಡಿದರು. ನಾಲ್ಕೇ ಜನರನ್ನು ಕರೆದರು: ಸ್ಯಾಮ್ ಸ್ನೀಡ್, ಬೈರನ್ ನೆಲ್ಸನ್, ಲಾಯ್ಡ್ ಮ್ಯಾಂಗ್ರಮ್, ಹರ್ಮನ್ ಬ್ಯಾರನ್. ಎರಡು ಸುತ್ತಿನ ಆಟ. ಗೆದ್ದವರಿಗೆ 10,000 ಡಾಲರ್. ಉಳಿದ ಮೂವರಿಗೆ ಬಹುಮಾನ ಇಲ್ಲ. ಇದೇ ಮೊದಲ ವರ್ಲ್ಡ್ ಚಾಂಪಿಯನ್‌ಷಿಪ್. ಗೆದ್ದವರು ಸ್ನೀಡ್. ಅದೇ ಬೇಸಿಗೆಯಲ್ಲಿ ಸ್ನೀಡ್ ಸೇಂಟ್ ಆಂಡ್ರ್ಯೂಸ್‌ಗೆ ಹೋಗಿ ಬ್ರಿಟಿಷ್ ಓಪನ್ ಗೆದ್ದಿದ್ದರು. ಅಲ್ಲಿ ಸಿಕ್ಕಿದ್ದು 150 ಪೌಂಡ್, ಅಂದರೆ ಸುಮಾರು 600 ಡಾಲರ್. ಹೋಗಿ ಬಂದ ಖರ್ಚಿಗೇ ಅದು ಸಾಲಲಿಲ್ಲ. ಗೆದ್ದೂ ಕೈಯಿಂದ ಕಳೆದುಕೊಂಡರು. ಮುಂದಿನ ವರ್ಷ ಪ್ರಶಸ್ತಿ ಉಳಿಸಿಕೊಳ್ಳಲು ಅವರು ಹೋಗಲೇ ಇಲ್ಲ. ಒಂದು ಕಡೆ ಎಂಬತ್ತು ವರ್ಷ ದಾಟಿದ ಗೌರವ, ಇನ್ನೊಂದು ಕಡೆ ಎರಡು ದಿನದ ಆಟಕ್ಕೆ 10,000. ಸಂಬಳ ನಂಬಿ ಬದುಕುವ ಪ್ರೊಗೆ ಆಯ್ಕೆ ಕಷ್ಟವೇನಲ್ಲ.

ಮೊದಲು ಕರೆದವರಷ್ಟೇ ಆಡುವ ಈ ಪಂದ್ಯ ಬೇಗ ಬೆಳೆಯಿತು. 72 ಹೋಲುಗಳ, ಅಂದರೆ 72 ಗುಳಿಗಳ, ನಾಲ್ಕು ಸುತ್ತಿನ ಪೂರ್ಣ ಟೂರ್ನಿಯಾಯಿತು. ಆಲ್ ಅಮೆರಿಕನ್ ಓಪನ್ ಮುಗಿದ ಬೆನ್ನಲ್ಲೇ ಅದೇ ಮೈದಾನದಲ್ಲಿ ಇದು. ಪುರುಷ ಪ್ರೊಗಳು, ಮಹಿಳಾ ಪ್ರೊಗಳು, ಪುರುಷ ಅಮೆಚೂರ್‌ಗಳು (ದುಡ್ಡಿಗಾಗಿ ಆಡದವರು), ಮಹಿಳಾ ಅಮೆಚೂರ್‌ಗಳು, ಎಲ್ಲರಿಗೂ ಒಂದೇ ಜಾಗದಲ್ಲಿ ಸ್ಪರ್ಧೆ. ದಕ್ಷಿಣ ಆಫ್ರಿಕಾದ ಬಾಬಿ ಲಾಕ್‌ನಂಥ ಹೊರದೇಶದವರೂ ಬರುತ್ತಿದ್ದರು. ಲಾಕ್ 1947ರ ಆಲ್ ಅಮೆರಿಕನ್ ಗೆದ್ದೂ ಹೋದರು.

ಇನ್ನು ಅಲ್ಲಿನ ವಾತಾವರಣ. ಆಗ ಗಾಲ್ಫ್ ನೋಡುವುದು ಅಂದರೆ ಪಿಸುಮಾತಿನ ಕೆಲಸ. ಕೋಟು ಹಾಕಿದ ಸದಸ್ಯರು, ಚಪ್ಪಾಳೆ ಕೂಡ ಮೆಲ್ಲಗೆ. ಜಾರ್ಜ್ ಮೇ ಇದನ್ನು ಊರ ಜಾತ್ರೆ ಮಾಡಿಬಿಟ್ಟರು. ಒಂದು ಡಾಲರ್‌ಗೆ ಟಿಕೆಟ್. ಬುತ್ತಿ ಕಟ್ಟಿಕೊಂಡು ಮಕ್ಕಳು ಮರಿ ಸಮೇತ ಬನ್ನಿ, ಹುಲ್ಲಿನ ಮೇಲೆ ಕೂತು ತಿನ್ನಿ. ಗ್ರೀನ್‌ಗಳ, ಅಂದರೆ ಗುಳಿ ಇರುವ ನುಣುಪು ಹುಲ್ಲಿನ ಜಾಗಗಳ ಸುತ್ತ ಅಟ್ಟಣೆ ಕಟ್ಟಿ ಜನ ಕೂತು ನೋಡುವ ಹಾಗೆ ಮಾಡಿದರು. ಮುಖವಾಡ ಹಾಕಿದ ಒಬ್ಬ ಗಾಲ್ಫರ್‌ನನ್ನು ಮೈದಾನಕ್ಕೆ ಬಿಟ್ಟರು. ಇವನು ಯಾರಿರಬಹುದು ಎಂದು ಜನ ತಲೆ ಕೆಡಿಸಿಕೊಳ್ಳಲಿ ಅಂತ. ಅವರು ಸ್ವತಃ ಕಣ್ಣು ಕುಕ್ಕುವ ಹೂವಿನ ಶರ್ಟು ಹಾಕಿ ಓಡಾಡುತ್ತಿದ್ದರು. ಹಳೆಯ ಮಂದಿಗೆ ಇದೆಲ್ಲ ಅಸಹ್ಯ. ಜನ ಮಾತ್ರ ಬಂದರು, ಪ್ರತಿ ವರ್ಷ ಹೆಚ್ಚು ಹೆಚ್ಚಾಗಿ ಬಂದರು.

ಒಂದು ಸಣ್ಣ ಜಗಳ ನನಗೆ ಇಷ್ಟ. ನೋಡಲು ಬಂದ ಹೊಸಬರಿಗೆ ಯಾವ ಆಟಗಾರ ಯಾರು ಎಂದು ಗೊತ್ತಾಗುತ್ತಿರಲಿಲ್ಲ. ಕ್ರಿಕೆಟ್ಟಿನಲ್ಲೂ ಆಗ ಇದೇ ಪಾಡು, ಎಲ್ಲರೂ ಬಿಳಿ ಬಟ್ಟೆ. ಜಾರ್ಜ್ ಮೇ ಹೇಳಿದರು: ಬೆನ್ನ ಮೇಲೆ ನಂಬರ್ ಹಾಕಿಕೊಳ್ಳಿ. ಆಟಗಾರರು ಸಿಡಿದೆದ್ದರು. ನಾವೇನು ಓಟದ ಕುದುರೆಗಳಾ ಅನ್ನುವ ಧಾಟಿ. ಮಾತು ಬೆಳೆದು ಕೊನೆಗೆ ರಾಜಿ ಆಯಿತು. ಆಟಗಾರನ ಬದಲು ಅವನ ಚೀಲ ಹೊರುವ ಕ್ಯಾಡಿಯ ಬೆನ್ನ ಮೇಲೆ ಗುರುತು ಬಂತು. ಈಗ ದೊಡ್ಡ ಟೂರ್ನಿಗಳಲ್ಲಿ ಕ್ಯಾಡಿಯ ಅಂಗಿಯ ಬೆನ್ನಿಗೆ ಆಟಗಾರನ ಹೆಸರು ಇರುತ್ತದಲ್ಲ, ಅದು ಈಗ ಯಾರಿಗೂ ವಿಚಿತ್ರ ಅನಿಸುವುದಿಲ್ಲ.

ಜಾತ್ರೆಯ ಗದ್ದಲದಲ್ಲಿ ಮರೆತುಹೋಗುವ ಇನ್ನೊಂದು ವಿಷಯ ಇದೆ, ನನ್ನ ಪ್ರಕಾರ ಇದು ಎಲ್ಲಕ್ಕಿಂತ ದೊಡ್ಡದು. ಆಗ ಪಿಜಿಎ ಸದಸ್ಯತ್ವ ಬಿಳಿಯರಿಗೆ ಮಾತ್ರ. ನಿಯಮದಲ್ಲೇ ಹಾಗೆ ಬರೆದಿತ್ತು. 1961ರವರೆಗೂ ಅದನ್ನು ತೆಗೆಯಲಿಲ್ಲ. ಕಪ್ಪು ಆಟಗಾರರು ತಮ್ಮದೇ ಸಂಘ ಕಟ್ಟಿಕೊಂಡು, ತಮ್ಮದೇ ಟೂರ್ನಿ ನಡೆಸಿಕೊಂಡು, ಸಿಕ್ಕಷ್ಟು ದುಡ್ಡಿಗೆ ಆಡಬೇಕಿತ್ತು. 1948ರಲ್ಲಿ ಕ್ಯಾಲಿಫೋರ್ನಿಯದ ರಿಚ್ಮಂಡ್ ಓಪನ್‌ನಲ್ಲಿ ಟೆಡ್ ರೋಡ್ಸ್ ಮತ್ತು ಬಿಲ್ ಸ್ಪಿಲ್ಲರ್ ಎಂಬ ಇಬ್ಬರು ಆಡುವ ಅರ್ಹತೆ ಗಳಿಸಿದ್ದರೂ ಅವರನ್ನು ಹೊರಗಿಟ್ಟರು. ಆದರೆ ಟ್ಯಾಮ್ ಓ'ಶಾಂಟರ್‌ನ ಬಾಗಿಲು 1942ರಲ್ಲೇ ತೆರೆದಿತ್ತು. ರೋಡ್ಸ್, ಸ್ಪಿಲ್ಲರ್, ಮುಂದೆ ಚಾರ್ಲಿ ಸಿಫರ್ಡ್, ಎಲ್ಲರೂ ಅಲ್ಲಿ ದೇಶದ ದೊಡ್ಡ ಹೆಸರುಗಳ ಜತೆ ಆಡಿದರು. ವಿಶ್ವ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಜೋ ಲೂಯಿಗೆ ಗಾಲ್ಫ್ ಹುಚ್ಚು. ಅವರೂ ಅಮೆಚೂರ್ ಆಗಿ ಅಲ್ಲಿಗೆ ಬಂದು ಆಡಿದರು. 1947ರಲ್ಲಿ ಜಾರ್ಜ್ ಮೇ ಆಹ್ವಾನದ ಮೇಲೆ ಆ್ಯನ್ ಗ್ರೆಗರಿ ಎಂಬ ಕಪ್ಪು ಮಹಿಳೆ ಅಮೆಚೂರ್ ವಿಭಾಗದಲ್ಲಿ ಆಡಿದರು. ಒಂಬತ್ತು ವರ್ಷದ ನಂತರ ಅವರು ಅಮೆರಿಕದ ರಾಷ್ಟ್ರೀಯ ಮಹಿಳಾ ಅಮೆಚೂರ್ ಟೂರ್ನಿಯಲ್ಲಿ ಆಡಿದ ಮೊದಲ ಕಪ್ಪು ಮಹಿಳೆಯಾದರು.

ಇದರಲ್ಲಿ ಆದರ್ಶ ಎಷ್ಟು, ಟಿಕೆಟ್ ಮಾರುವ ಬುದ್ಧಿ ಎಷ್ಟು ಎಂದು ಬಿಡಿಸಿ ಹೇಳಲು ಆಗದು. ಜೋ ಲೂಯಿ ಬರುತ್ತಾರೆ ಅಂದರೆ ಜನ ಬರುತ್ತಾರೆ, ಅದು ಆ ಮನುಷ್ಯನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬೇರೆ ಟೂರ್ನಿ ನಡೆಸುವವರಿಗೂ ಜನ ಬೇಕಿತ್ತು. ಅವರಲ್ಲಿ ಹೆಚ್ಚಿನವರು ಬಾಗಿಲು ತೆಗೆಯಲಿಲ್ಲ.

ಮಹಿಳೆಯರ ವಿಷಯದಲ್ಲೂ ಹೀಗೆಯೇ. ಮಹಿಳಾ ಪ್ರೊಗಳ ಸಂಘ ಎಲ್‌ಪಿಜಿಎ ಹುಟ್ಟಿದ್ದು 1950ರಲ್ಲಿ. ಅದಕ್ಕೂ ಮುಂಚೆಯೇ ಜಾರ್ಜ್ ಮೇ ಮಹಿಳಾ ವರ್ಲ್ಡ್ ಚಾಂಪಿಯನ್‌ಷಿಪ್ ನಡೆಸುತ್ತಿದ್ದರು. ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು ಆಮೇಲೆ ಗಾಲ್ಫಿಗೆ ಬಂದ ಬೇಬ್ ಝಹಾರಿಯಾಸ್ 1948ರಿಂದ 1951ರವರೆಗೆ ಸತತ ನಾಲ್ಕು ಸಲ ಇದನ್ನು ಗೆದ್ದರು. ಪ್ಯಾಟಿ ಬರ್ಗ್ ಕೂಡ ನಾಲ್ಕು ಸಲ ಗೆದ್ದರು. ಬಹುಮಾನ ಗಂಡಸರಿಗಿಂತ ತುಂಬ ಕಡಿಮೆ, ಅದನ್ನು ಮುಚ್ಚಿಡುವ ಹಾಗಿಲ್ಲ. ಆದರೂ ಕಾಲೂರಲು ಒದ್ದಾಡುತ್ತಿದ್ದ ಮಹಿಳಾ ಟೂರಿಗೆ ಇಂಥ ಜನಜಂಗುಳಿ ಬೇರೆ ಕಡೆ ಸಿಗುತ್ತಿರಲಿಲ್ಲ.

ಈಗ ಮತ್ತೆ 1953ಕ್ಕೆ. ಜಾರ್ಜ್ ಮೇ ಅವರಿಗೆ ಟಿವಿ ಬೇಕಿತ್ತು. ಟಿವಿಯವರಿಗೆ ಗಾಲ್ಫ್ ಬೇಕಿರಲಿಲ್ಲ. ಯಾಕೆಂದರೆ ಈ ಆಟವನ್ನು ತೋರಿಸುವುದು ತಲೆನೋವು. ಕ್ರಿಕೆಟ್ಟಿಗೆ ಒಂದು ಪಿಚ್, ಟೆನಿಸ್‌ಗೆ ಒಂದು ಅಂಕಣ. ಗಾಲ್ಫ್ ನಡೆಯುವುದು ನೂರಾರು ಎಕರೆಯಲ್ಲಿ, ಒಂದೇ ಸಮಯಕ್ಕೆ ಹತ್ತಾರು ಕಡೆ. ಚೆಂಡೋ ಪುಟ್ಟದು. ಆಗಿನ ಕ್ಯಾಮೆರಾಗಳೋ ಭಾರಿ ಗಾತ್ರದ ಪೆಟ್ಟಿಗೆಗಳು. 1947ರ ಯು.ಎಸ್. ಓಪನ್ನನ್ನು ಸೇಂಟ್ ಲೂಯಿ ನಗರದ ಸ್ಥಳೀಯ ಚಾನೆಲ್ ತೋರಿಸಿತ್ತು, ಅಷ್ಟೇ. ಇಡೀ ದೇಶಕ್ಕೆ ಯಾರೂ ತೋರಿಸಿರಲಿಲ್ಲ. ಅಂದಹಾಗೆ, ಆ 1947ರ ಓಪನ್ ಗೆದ್ದವರೂ ಇದೇ ಲ್ಯೂ ವೊರ್ಷಮ್.

ಜಾರ್ಜ್ ಮೇ ಏನು ಮಾಡಿದರು? ಎಬಿಸಿ ಜಾಲಕ್ಕೆ ತಾವೇ 32,000 ಡಾಲರ್ ಕೊಟ್ಟರು. ಇವತ್ತು ಟಿವಿ ಕಂಪನಿಗಳು ಆಟ ತೋರಿಸುವ ಹಕ್ಕಿಗೆ ಸಾವಿರಾರು ಕೋಟಿ ಸುರಿಯುತ್ತವೆ, ಐಪಿಎಲ್ ನಿಂತಿರುವುದೇ ಆ ದುಡ್ಡಿನ ಮೇಲೆ. ಆಗ ದುಡ್ಡು ಹರಿದದ್ದು ಉಲ್ಟಾ ದಿಕ್ಕಿನಲ್ಲಿ. ನನ್ನ ಟೂರ್ನಿ ತೋರಿಸಿ, ಖರ್ಚು ನನ್ನದು.

ಕೊನೆಯ ಹೋಲಿನ ಗ್ರೀನ್ ಹಿಂದಿನ ಅಟ್ಟಣೆಯ ಮೇಲೆ ಒಂದು ಕ್ಯಾಮೆರಾ ಇಟ್ಟರು. ಬಂದವರೆಲ್ಲ ಅಲ್ಲೇ ಮುಗಿಸಬೇಕಲ್ಲ, ಆದ್ದರಿಂದ ಅಲ್ಲಿ ಕಾದು ಕೂತರೆ ಸಾಕು. ಚಾಂಡ್ಲರ್ ಹಾರ್ಪರ್ ಒಟ್ಟು 279 ಹೊಡೆತಕ್ಕೆ ಆಟ ಮುಗಿಸಿ ಬಂದಿದ್ದರು. ಗೆದ್ದರು ಎಂದೇ ಎಲ್ಲರೂ ಅವರ ಕೈ ಕುಲುಕತೊಡಗಿದ್ದರು. ಮೈದಾನದಲ್ಲಿ ಉಳಿದವರಲ್ಲಿ ಅವರನ್ನು ಹಿಡಿಯಬಲ್ಲವರು ವೊರ್ಷಮ್ ಒಬ್ಬರೇ. ಕೊನೆಯ ಹೋಲಿಗೆ ನಿಗದಿಯಾದ ಹೊಡೆತ, ಅಂದರೆ ಪಾರ್, ನಾಲ್ಕು. ವೊರ್ಷಮ್ ಮೂರರಲ್ಲಿ ಮುಗಿಸಿದರೆ ಇಬ್ಬರೂ ಸಮ, ಆಮೇಲೆ ಪ್ಲೇಆಫ್. ನಾಲ್ಕಾದರೆ ಹಾರ್ಪರ್ ಗೆಲುವು. ಎರಡರಲ್ಲಿ ಮುಗಿಸುವ ಮಾತು ಯಾರ ತಲೆಯಲ್ಲೂ ಇರಲಿಲ್ಲ.

ಮೊದಲ ಹೊಡೆತ ಚೆನ್ನಾಗಿ ಬಿತ್ತು. ಗುಳಿ ಇನ್ನು 100 ಗಜಕ್ಕಿಂತ ಸ್ವಲ್ಪ ದೂರ. ವೊರ್ಷಮ್ ವೆಜ್ ತೆಗೆದುಕೊಂಡರು. ಚೆಂಡನ್ನು ಎತ್ತರಕ್ಕೆ ಎತ್ತಿ ಹತ್ತಿರದಲ್ಲೇ ಇಳಿಸುವ ಕೋಲು ಅದು. ಚೆಂಡು ಗ್ರೀನಿನ ಮುಂಭಾಗದಲ್ಲಿ ಬಿತ್ತು. ಉರುಳತೊಡಗಿತು. ಉರುಳಿ ಉರುಳಿ ನೇರ ಗುಳಿಯೊಳಕ್ಕೆ ಹೋಯಿತು. 278. ಒಂದು ಹೊಡೆತದಿಂದ ಟೂರ್ನಿ ಅವರದಾಯಿತು. ಸ್ವತಃ ಹೆಸರಾಂತ ಗಾಲ್ಫರ್ ಆಗಿದ್ದ ಜಿಮ್ಮಿ ಡೆಮರೆ ಮೈಕಿನ ಮುಂದೆ ವಿವರಣೆ ಕೊಡುತ್ತಿದ್ದರು. ಅವರು ಎಲ್ಲ ಮರೆತು ಒಂದು ಬೈಗುಳದ ಮಾತಿನಲ್ಲೇ ಅಚ್ಚರಿ ಹೊರಹಾಕಿದರು ಎಂಬುದು ಗಾಲ್ಫ್ ಲೋಕದಲ್ಲಿ ಇಂದಿಗೂ ಹೇಳುವ ಕತೆ.

ದೇಶಾದ್ಯಂತ ಸುಮಾರು ಹತ್ತು ಲಕ್ಷ ಮಂದಿ ಇದನ್ನು ನೋಡಿದರೆಂದು ಅಂದಾಜು. ಗಾಲ್ಫ್ ರಾಷ್ಟ್ರೀಯ ಟಿವಿಯಲ್ಲಿ ಬಂದ ಮೊದಲ ಸಲವೇ ಹೀಗೆ ಆಯಿತು. ಸುಮ್ನೆ ಅದೃಷ್ಟ ಅನ್ನಿ, ಆದರೆ ಕ್ಯಾಮೆರಾ ಸರಿಯಾದ ಜಾಗದಲ್ಲಿ ಇಟ್ಟವರಿಗೆ ಮಾತ್ರ ಇಂಥ ಅದೃಷ್ಟ ಸಿಗುತ್ತದೆ. ಮರು ವರ್ಷ ಯು.ಎಸ್. ಓಪನ್ ರಾಷ್ಟ್ರೀಯ ಟಿವಿಗೆ ಬಂತು. 1956ರಲ್ಲಿ ಮಾಸ್ಟರ್ಸ್ ಬಂತು.

ಜಾರ್ಜ್ ಮೇ ಅಷ್ಟಕ್ಕೆ ನಿಲ್ಲಲಿಲ್ಲ. 1954ಕ್ಕೆ ಮೊದಲ ಬಹುಮಾನವನ್ನು 50,000 ಡಾಲರ್‌ಗೆ ಏರಿಸಿದರು. ಇವತ್ತಿನ ಬೆಲೆಯಲ್ಲಿ ಅದು ಐದು ಲಕ್ಷ ಡಾಲರ್‌ಗೂ ಮೀರುತ್ತದೆ. ಅದೇ ವರ್ಷ ಯು.ಎಸ್. ಓಪನ್ ಗೆದ್ದ ಎಡ್ ಫರ್ಗೊಲ್‌ಗೆ ಸಿಕ್ಕಿದ್ದು 6,000. ಇಷ್ಟು ಸಾಲದು ಎಂದು ಇನ್ನೊಂದು ಆಮಿಷ: ಗೆದ್ದವರು ದೇಶದ ಉದ್ದಗಲ ಓಡಾಡಿ ಪ್ರದರ್ಶನ ಪಂದ್ಯ ಆಡಿದರೆ, ಒಂದೊಂದಕ್ಕೆ 1,000 ಡಾಲರ್, ಅಂಥ 50 ಪಂದ್ಯ. ಅಂದರೆ ಇನ್ನೊಂದು 50,000.

ಈ ಪ್ರದರ್ಶನ ಪಂದ್ಯಗಳಲ್ಲೇ ಇಡೀ ವ್ಯವಹಾರದ ಗುಟ್ಟು ಇದೆ. ಕಂಪನಿಯ ಗಿರಾಕಿಗಳು, ಮುಂದೆ ಗಿರಾಕಿ ಆಗಬಹುದಾದ ಕಾರ್ಖಾನೆ ಮಾಲೀಕರು ಇರುವ ಊರುಗಳಿಗೆ 'ವಿಶ್ವ ಚಾಂಪಿಯನ್' ಬರುತ್ತಾರೆ. ಜತೆಗೆ ಜಾರ್ಜ್ ಎಸ್. ಮೇ ಕಂಪನಿಯ ಹೆಸರು ಬರುತ್ತದೆ. ಗೆದ್ದವರು ಚಾಂಪಿಯನ್ ಹೌದು, ಜತೆಗೆ ಕಂಪನಿಯ ಪ್ರಚಾರಕರೂ ಹೌದು. ಟಿಕೆಟ್ ಮಾರಿ ಬಂದ ದುಡ್ಡಿನಲ್ಲಿ ಇಷ್ಟು ಬಹುಮಾನ ಕೊಡಲು ಸಾಧ್ಯವೇ ಇರಲಿಲ್ಲ, ಒಂದು ಡಾಲರ್ ಟಿಕೆಟ್‌ನಲ್ಲಂತೂ ಅಲ್ಲ. ಕೊರತೆಯನ್ನು ಸಲಹಾ ಕಂಪನಿ ತುಂಬುತ್ತಿತ್ತು.

1954ರಲ್ಲಿ ಆ 50,000 ಗೆದ್ದವರು ಬಾಬ್ ಟೋಸ್ಕಿ. ಸಣಕಲು ಆಳು, 'ಇಲಿ' ಎಂದೇ ಅಡ್ಡಹೆಸರು. ಮುಂದೆ ಅವರು ಆಟಕ್ಕಿಂತ ಹೆಚ್ಚಾಗಿ ಆಟ ಕಲಿಸುವುದರಲ್ಲಿ ಹೆಸರು ಮಾಡಿದರು. ಆ ವರ್ಷ ಅವರ ಒಟ್ಟು ಗಳಿಕೆ 65,819 ಡಾಲರ್, ಪಟ್ಟಿಯಲ್ಲಿ ಮೊದಲ ಸ್ಥಾನ. ಈ ಒಂದು ವಾರದ ದುಡ್ಡು ಕಳೆದರೆ ಉಳಿಯುವುದು 15,819.

ಇಲ್ಲಿ ಲೆಕ್ಕದ ಒಂದು ತಮಾಷೆ ಕಾಣುತ್ತದೆ. 1952ರಲ್ಲಿ ವರ್ಲ್ಡ್ ಚಾಂಪಿಯನ್‌ಷಿಪ್ ಗೆದ್ದವರು ಜೂಲಿಯಸ್ ಬೋರೋಸ್, ವರ್ಷದ ಗಳಿಕೆಯಲ್ಲಿ ಮೊದಲಿಗರೂ ಅವರೇ. 1953ರಲ್ಲಿ ವೊರ್ಷಮ್, 1954ರಲ್ಲಿ ಟೋಸ್ಕಿ, 1955ರಲ್ಲಿ ಮತ್ತೆ ಬೋರೋಸ್, 1956ರಲ್ಲಿ ಟೆಡ್ ಕ್ರೋಲ್, 1957ರಲ್ಲಿ ಡಿಕ್ ಮೇಯರ್. ಆರು ವರ್ಷವೂ ಅಷ್ಟೇ: ಈ ಟೂರ್ನಿ ಗೆದ್ದವರೇ ಪಟ್ಟಿಯ ನೆತ್ತಿಯಲ್ಲಿ. 1955ನ್ನು ನೋಡಿ. ಹಲ್ಲಿನ ವೈದ್ಯರಾಗಿದ್ದು ಗಾಲ್ಫಿಗೆ ಬಂದ ಕ್ಯಾರಿ ಮಿಡಲ್‌ಕಾಫ್ ಆ ವರ್ಷ ಮಾಸ್ಟರ್ಸ್ ಗೆದ್ದರು, ವೆಸ್ಟರ್ನ್ ಓಪನ್ ಗೆದ್ದರು, ಇನ್ನೂ ಕೆಲವು ಗೆದ್ದರು. ಬೋರೋಸ್ ಗೆದ್ದದ್ದು ಇದೊಂದೇ. ಆದರೂ 63,121 ಡಾಲರ್‌ನೊಂದಿಗೆ ಬೋರೋಸ್ ಮುಂದೆ. ಯಾರು ಒಳ್ಳೆಯ ಆಟಗಾರ ಎಂದು ಹೇಳಬೇಕಾದ ಪಟ್ಟಿ, ಆಗಸ್ಟ್‌ನ ಆ ಒಂದು ವಾರ ಯಾರ ಕೈ ಚೆನ್ನಾಗಿತ್ತು ಎಂದಷ್ಟೇ ಹೇಳತೊಡಗಿತು.

ಹಾಗಂತ ಆಟಗಾರರು ಖುಷಿಯಾಗಿದ್ದರಾ? ದುಡ್ಡು ತೆಗೆದುಕೊಂಡರು, ಗೊಣಗುತ್ತಲೂ ಇದ್ದರು. ಬೆನ್ನ ಮೇಲಿನ ನಂಬರ್‌ನಿಂದ ಶುರುವಾದ ಕಿರಿಕಿರಿ ಮುಗಿಯಲೇ ಇಲ್ಲ. ಜಾರ್ಜ್ ಮೇ ಅವರಿಗೂ ತಾಳ್ಮೆ ಕಡಿಮೆ. ಇಷ್ಟು ದುಡ್ಡು ಹಾಕುವವನು ನಾನು, ಹೇಳಿದಂತೆ ನಡೆಯಬೇಕು ಅನ್ನುವುದು ಅವರ ಧೋರಣೆ. ಪಿಜಿಎಗೋ, ತನ್ನ ಸದಸ್ಯರು ಎಲ್ಲಿ ಹೇಗೆ ಆಡಬೇಕೆಂದು ಹೊರಗಿನ ಒಬ್ಬರು ನಿರ್ಧರಿಸುವುದು ಹಿಡಿಸಲಿಲ್ಲ. ಕೊನೆಗೆ ಕಡ್ಡಿ ಮುರಿದದ್ದು ಪ್ರವೇಶ ಶುಲ್ಕದ ವಿಷಯದಲ್ಲಿ. ಟೂರ್ನಿಗೆ ಬರುವ ಆಟಗಾರರು ಕಟ್ಟುವ ಸಣ್ಣ ಮೊತ್ತ ಅದು. 50,000 ಡಾಲರ್ ಬಹುಮಾನದ ಪಕ್ಕದಲ್ಲಿ ಇಟ್ಟರೆ ಲೆಕ್ಕಕ್ಕೇ ಬಾರದ್ದು. ಆದರೆ ಜಗಳ ಆ ಮೊತ್ತದ್ದಲ್ಲ, ಯಜಮಾನ ಯಾರು ಅನ್ನುವುದರದ್ದು. 1958ರಲ್ಲಿ ಜಾರ್ಜ್ ಮೇ ಎರಡೂ ಟೂರ್ನಿಗಳನ್ನು ನಿಲ್ಲಿಸಿಬಿಟ್ಟರು.

ಹಾಗೆ ನಿಲ್ಲಿಸಲು ಯಾರನ್ನೂ ಕೇಳಬೇಕಿರಲಿಲ್ಲ. ಇದು ಗಮನಿಸಬೇಕಾದ ಮಾತು. ಊರಿನವರ ಸಂಘ ನಡೆಸುವ ಟೂರ್ನಿಯಾದರೆ ಒಬ್ಬರು ಮುನಿಸಿಕೊಂಡರೆ ಇನ್ನೊಬ್ಬರು ಇರುತ್ತಾರೆ. ಟಿವಿ ಹಕ್ಕಿನ ಒಪ್ಪಂದ ಇದ್ದರೆ ಅದನ್ನು ಮುರಿಯಲು ವಕೀಲರು ಬೇಕು. ಕ್ರಾಸ್ಬಿಯ ಟೂರ್ನಿ ಕೂಡ ಒಬ್ಬರ ದುಡ್ಡಿನಲ್ಲಿ ಹುಟ್ಟಿತ್ತು. ಆದರೆ ಯುದ್ಧದ ನಂತರ ಅದು ಪೆಬಲ್ ಬೀಚ್‌ಗೆ ಹೋಗಿ, ಸ್ಥಳೀಯರ ಜತೆ ಸೇರಿ, ಕ್ರಮೇಣ ಆ ಪ್ರದೇಶದ್ದೇ ಆಯಿತು. ಇಂದಿಗೂ ನಡೆಯುತ್ತಿದೆ. ಟ್ಯಾಮ್ ಓ'ಶಾಂಟರ್ ಹಾಗಾಗಲಿಲ್ಲ. ಕ್ಲಬ್ಬು ಅವರದು, ದುಡ್ಡು ಅವರದು, ಟಿವಿ ಖರ್ಚೂ ಅವರದು. ಜನ ಬಂದರೂ, ಕ್ಯಾಮೆರಾ ಬಂದರೂ, ಆ ಜನರಿಂದ ಮತ್ತು ಕ್ಯಾಮೆರಾದಿಂದ ಬಹುಮಾನದ ದುಡ್ಡು ಹುಟ್ಟುವ ದಾರಿ ಇನ್ನೂ ಆಗಿರಲಿಲ್ಲ. ಅವರು ಕೈ ತೆಗೆದ ದಿನ ಎಲ್ಲ ಮುಗಿಯಿತು. 1962ರಲ್ಲಿ ಜಾರ್ಜ್ ಮೇ ತೀರಿಕೊಂಡರು. 1964 ಮತ್ತು 1965ರಲ್ಲಿ ವೆಸ್ಟರ್ನ್ ಓಪನ್ ಆ ಮೈದಾನಕ್ಕೆ ಬಂದು ಹೋಯಿತು. ಆಮೇಲೆ ಜಾಗದ ಬಹುಪಾಲು ಕೈಗಾರಿಕೆಗಳ ಪಾಲಾಯಿತು. ಈಗ ಉಳಿದಿರುವುದು ಊರಿನವರು ಆಡುವ ಒಂಬತ್ತು ಹೋಲುಗಳ ಸಣ್ಣ ಮೈದಾನ.

ಟೂರ್ನಿ ಹೋದ ಪರಿಣಾಮ ಮರು ವರ್ಷದ ಪಟ್ಟಿಯಲ್ಲೇ ಕಾಣುತ್ತದೆ. 1957ರಲ್ಲಿ ಮೊದಲಿಗರಾದ ಡಿಕ್ ಮೇಯರ್ 65,835 ಡಾಲರ್ ಗಳಿಸಿದ್ದರು. 1958ರಲ್ಲಿ ಮೊದಲಿಗರ ಗಳಿಕೆ 42,607ಕ್ಕೆ ಇಳಿಯಿತು. ಆ ಮೊದಲಿಗರ ಹೆಸರು ಆರ್ನಾಲ್ಡ್ ಪಾಮರ್. ಟಿವಿ ಕಾಲದ ಗಾಲ್ಫಿಗೆ ಹೇಳಿ ಮಾಡಿಸಿದಂಥ ಆಟಗಾರ. ಜಾರ್ಜ್ ಮೇ ಕಾಸು ಕೊಟ್ಟು ಒಳಗೆ ಕರೆತಂದ ಕ್ಯಾಮೆರಾಗಳು ಈಗ ಪಾಮರ್ ಹಿಂದೆ ತಾವಾಗಿಯೇ ಓಡತೊಡಗಿದವು. ದುಡ್ಡು ಸರಿಯಾದ ದಿಕ್ಕಿನಲ್ಲಿ ಹರಿಯಲು ಶುರುವಾಯಿತು, ಆದರೆ ನಿಧಾನವಾಗಿ. ಯು.ಎಸ್. ಓಪನ್ ಗೆದ್ದವರಿಗೆ 50,000 ಡಾಲರ್ ಸಿಕ್ಕಿದ್ದು 1979ರಲ್ಲಿ, ಹೇಲ್ ಇರ್ವಿನ್‌ಗೆ. ಟೋಸ್ಕಿ ಅಷ್ಟನ್ನೇ ಪಡೆದು 25 ವರ್ಷ ಆಗಿತ್ತು, ಅಷ್ಟರಲ್ಲಿ ಡಾಲರ್‌ನ ಬೆಲೆಯೂ ಎಷ್ಟೋ ಕುಸಿದಿತ್ತು.

ಟಿವಿ ದುಡ್ಡು ಬರತೊಡಗಿದ ಮೇಲೆ ಹಳೆಯ ಜಗಳ ಹೊಸ ರೂಪದಲ್ಲಿ ಎದ್ದಿತು. ಆಗಲೇ ಹೇಳಿದ್ದೆನಲ್ಲ, ಪಿಜಿಎ ಅಂದರೆ ಹೆಚ್ಚಾಗಿ ಕ್ಲಬ್ ಪ್ರೊಗಳ ಸಂಘ. ಕ್ಯಾಮೆರಾ ನೋಡಲು ಬರುವುದು ಪಾಮರ್‌ನನ್ನು, ಜ್ಯಾಕ್ ನಿಕ್ಲಾಸ್‌ನನ್ನು. ಆದರೆ ದುಡ್ಡು ಹೇಗೆ ಹಂಚಬೇಕೆಂದು ತೀರ್ಮಾನಿಸುವವರು ಅಂಗಡಿ ನಡೆಸುವ, ಪಾಠ ಹೇಳುವ ಬಹುಸಂಖ್ಯಾತರು. ಇದು ನಡೆಯುವಂತಿರಲಿಲ್ಲ. 1968ರಲ್ಲಿ ಟೂರ್ ಆಟಗಾರರು ಸಂಘದಿಂದ ಸಿಡಿದು ಹೊರಬಂದರು. ಮಾತುಕತೆಯಾಗಿ, ಟೂರಿಗೆ ತನ್ನದೇ ಆಡಳಿತ ಸಿಕ್ಕಿ, ಮರು ವರ್ಷ ಜೋ ಡೇ ಅದರ ಮೊದಲ ಕಮಿಷನರ್ ಆದರು. ಇವತ್ತಿನ ಪಿಜಿಎ ಟೂರ್ ಬಂದದ್ದು ಅಲ್ಲಿಂದ. ಸೌದಿ ಸರ್ಕಾರದ ನಿಧಿ 2022ರಲ್ಲಿ ಲಿವ್ ಗಾಲ್ಫ್ ಎಂಬ ಎದುರಾಳಿ ಟೂರ್ ಶುರು ಮಾಡಿ, ಗೆದ್ದ ಒಬ್ಬರಿಗೆ 40 ಲಕ್ಷ ಡಾಲರ್ ಕೊಡತೊಡಗಿದಾಗ, ಅದೇ ಪಿಜಿಎ ಟೂರ್ ಅಲ್ಲಿಗೆ ಹೋದ ಆಟಗಾರರನ್ನು ಅಮಾನತು ಮಾಡಿತು.